ನಿನ್ನೆಯ ಪಿಯಾನೊ

ನಮ್ಮ ಊರಿನಲ್ಲಿ ಹೊಳೆಯ ಆಚೆ ದಡದ ಸದ್ದು ಈಚೆ ದಡಕ್ಕೆ ಮಾರನೆಯ ದಿನ ಬರುತ್ತದೆ. ಅಲ್ಲಿ ಇವತ್ತು ದೀಪ ಹಚ್ಚುವ ಹೊತ್ತಿಗೆ ಯಾರೋ ಕೆಮ್ಮಿದರೆ, ಇಲ್ಲಿ ನಾಳೆ ದೀಪ ಹಚ್ಚುವ ಹೊತ್ತಿಗೆ ಆ ಕೆಮ್ಮು ಕೇಳುತ್ತದೆ. ಇಲ್ಲಿಯದು ಅಲ್ಲಿಗೂ ಹಾಗೆಯೇ. ಮನುಷ್ಯ ದೋಣಿ ಹತ್ತಿ ಒಂದು ಕವಳ ಅಗಿದು ಮುಗಿಸುವುದರೊಳಗೆ ಆಚೆ ಮುಟ್ಟುತ್ತಾನೆ. ಹೊರಡುವಾಗ ಅವನು ಕೂಗಿ ಹೇಳಿದ ಮಾತು ಮಾತ್ರ ಮರುದಿನ ಹೋಗಿ ಸೇರುತ್ತದೆ. ತಡವಾದರೂ ಕೆಟ್ಟು ಬರುವುದಿಲ್ಲ. ನೀರಿನ ಹತ್ತಿರ ಆಡಿದ ಪಿಸುಮಾತು ಕೂಡ ಮಗ್ಗುಲಲ್ಲಿ ಕೂತು ಆಡಿದಷ್ಟು ಸ್ಪಷ್ಟವಾಗಿ ದಾಟುತ್ತದೆ. ಹತ್ತು ಸದ್ದು ಒಟ್ಟಿಗೆ ಎದ್ದರೂ ಹೊಳೆ ಒಂದೊಂದನ್ನೂ ಬಿಡಿಸಿ ತಂದು ಕೊಡುತ್ತದೆ. ಅದಕ್ಕೇ ಗುಟ್ಟು ಮಾತಾಡುವವರು ಎರಡೂ ದಡದಲ್ಲಿ ಮನೆಯ ಹಿಂದೆ ಹೋಗುತ್ತಾರೆ.

ನಾನು ಈಚೆಕೇರಿಯಲ್ಲಿ ಹುಟ್ಟಿ, ಇಲ್ಲಿಯೇ ಬಲೆ ಹೆಣೆದು ಮುದುಕಿಯಾದವಳು. ನನಗೆ ಇದರಲ್ಲಿ ವಿಶೇಷವೇನೂ ಕಂಡದ್ದಿಲ್ಲ. ಆಚೆಕೇರಿಯಿಂದ ಹೆಣ್ಣು ತಂದ ಮನೆಯವರು ಮದುವೆಯ ಮರುದಿನ ಇನ್ನೊಮ್ಮೆ ಎಲೆ ಹಾಕಿ ಬಡಿಸುತ್ತಾರೆ, ಏಕೆಂದರೆ ವಾದ್ಯ ಬರುವುದು ಆಗ. ಒಮ್ಮೆ ಆಚೆಯ ಒಬ್ಬ ಸಿಟ್ಟಿನಲ್ಲಿ ದಡಕ್ಕೆ ಬಂದು ನಮ್ಮ ಕಡೆಯ ತನ್ನ ಷಡ್ಡಕನಿಗೆ ಬಾಯಿಗೆ ಬಂದಂತೆ ಬೈದ. ಮಲಗಿ ಎದ್ದು ಯೋಚಿಸಿ, ಬೆಳಿಗ್ಗೆ ದೋಣಿ ಹತ್ತಿ ಬಂದು ತಪ್ಪಾಯಿತು ಎಂದ. ಬೈಗುಳ ಇನ್ನೂ ಬಂದಿರಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ ಅದು ಬರುವ ತನಕ ಕಾದರು. ಬಂತು, ಕೇಳಿದರು. "ಇಷ್ಟೇಯಾ?" ಎಂದು ಷಡ್ಡಕ ಕೇಳಿದ. "ಇನ್ನೂ ಸ್ವಲ್ಪ ಉಂಟು, ನಿಲ್ಲು" ಎಂದ ಬೈದವನು. ದೋಣಿಯ ಅಬ್ಬುವಿನ ಹತ್ತಿರ ಒಂದು ಡಬ್ಬಿಯಲ್ಲಿ ಹತ್ತಿ ಇರುತ್ತಿತ್ತು. ಹೊಳೆ ದಾಟುವಾಗ ಒಂದು ಇಡೀ ದಿನದ ಸದ್ದು ಆ ಚೂರು ಹೊತ್ತಿನಲ್ಲಿ ಕಿವಿಗೆ ನುಗ್ಗುತ್ತದೆ, ಹತ್ತಿ ಇಟ್ಟುಕೊಳ್ಳದಿದ್ದರೆ ತಲೆ ತಿರುಗುತ್ತದೆ. ಇದೆಲ್ಲ ನಮಗೆ ಅನ್ನ ಉಂಡಷ್ಟು ಸಹಜ.

ಕಷ್ಟ ಬರುವುದು ಸಾವಿನಲ್ಲಿ. ಒಂದು ದಡದಲ್ಲಿ ಯಾರಾದರೂ ಸತ್ತರೆ ಇನ್ನೊಂದು ದಡದಲ್ಲಿ ಅದು ಕೇಳುವ ದಿನ. ಸುದ್ದಿ ದೋಣಿಯಲ್ಲಿ ಮೊದಲೇ ಬಂದಿರುತ್ತದೆ, ಸತ್ತವರ ಕೊನೆಯ ದಿನದ ಸದ್ದು ಇನ್ನೂ ನೀರಿನ ಮೇಲೆ ಇರುತ್ತದೆ. ಅದು ಬಂದು ಮುಗಿಯುವ ತನಕ ಯಾರೂ ಒನಕೆ ಮುಟ್ಟುವುದಿಲ್ಲ, ಸೌದೆ ಒಡೆಯುವುದಿಲ್ಲ, ನಾಯಿಗಳನ್ನು ದೂರದ ಗದ್ದೆಯ ಕಡೆ ಕಟ್ಟಿ ಬರುತ್ತಾರೆ, ಮೀನಿನ ಐಸು ಮಾಡುವ ಶೆಡ್ಡಿನ ಮಿಷನ್ ನಿಲ್ಲಿಸುತ್ತಾರೆ. ಸತ್ತವರ ಹತ್ತಿರದ ಸಂಬಂಧದವರು ಸಾಕು ಎಂದು ಎದ್ದ ಮೇಲೆಯೇ ಊರು ಬಾಯಿ ಬಿಡುವುದು. ಸತ್ತ ಕಡೆಯವರೂ ಕಾಯುತ್ತಾರೆ. ಕೇಳುವ ದಿನ ಈ ದಡದಲ್ಲಿ ಅತ್ತ ಅಳು ಅಲ್ಲಿಗೆ ಮುಟ್ಟಬೇಕು, ಆಮೇಲೆಯೇ ಮಣ್ಣು. ಹಿಂದೆ ಒಬ್ಬಳೇ ಇದ್ದ ಒಬ್ಬ ತಾಯಿ ಆಚೆ ಸಾಯುವಾಗ ಈಚೆಯಲ್ಲಿದ್ದ ಮಗನನ್ನು ಕರೆದು ಏನೋ ಹೇಳಿದಳು. ಆ ಮಾತು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಕೇರಿಯ ಒಂದು ಮನೆಯ ಬಾವಿಗೆ ಕೊಡ ಬಿತ್ತು. ಮಗನಿಗೆ ತನ್ನ ಹೆಸರು ಕೇಳಿತು, ಉಳಿದದ್ದು ಕೇಳಲಿಲ್ಲ. ಬೇಕೆಂದು ಬೀಳಿಸಿದ್ದಲ್ಲ, ಎಲ್ಲರಿಗೂ ಗೊತ್ತು. ಆದರೂ ಕೊಡದ ಮನೆಯವರು ಎರಡು ಮಳೆಗಾಲ ನಿಲ್ಲಲಿಲ್ಲ, ಊರು ಬಿಟ್ಟರು.

ನಾನು ಹೇಳಬೇಕೆಂದಿರುವುದು ಬಸ್ತ್ಯಾಂವ್ ಮಾಸ್ತರರ ಕೇಳುವ ದಿನದ ಸಂಗತಿ.

ಮಾಸ್ತರರು ಆಚೆಕೇರಿಯವರು. ಪ್ರಾಯದಲ್ಲಿ ಹಡಗಿನ ವಾದ್ಯದವರ ಜೊತೆ ಹೋಗಿ, ಫ್ರಾನ್ಸಿನ ಯಾವುದೋ ರೇವಿನಲ್ಲಿ ಬಹಳ ವರ್ಷ ನಿಂತು ಪಿಯಾನೊ ಕಲಿತರು. ಬರುವಾಗ ಒಂದು ಪಿಯಾನೊ ತಂದರು. ರಂಪಣಿ ಬಲೆ ಎಳೆಯುವ ಜನವೆಲ್ಲ ಸೇರಿ ಅದನ್ನು ಅವರ ಮನೆಯ ಮಾಳಿಗೆಗೆ ಏರಿಸಿದರು. ಒಮ್ಮೆ ಏರಿದ್ದು ಮತ್ತೆ ಇಳಿಯುವ ಮಾತಿಲ್ಲ. ಅದರ ಜೊತೆ ಅವರು ತಂದ ಇನ್ನೊಂದು ಅಂದರೆ ಆರು ಹಾಡು. ಅಲ್ಲಿಯ ಒಬ್ಬ ಕವಿ, ಆಗ ಇನ್ನೂ ಬದುಕಿದ್ದವನು, ಬರೆದದ್ದಂತೆ. ಸ್ವರ ಹಾಕಿದವನು ಬೇರೆಯಂತೆ. ಆರೂ ಸೇರಿ ಒಂದು ಕಟ್ಟು. ಅದೇ ಕ್ರಮದಲ್ಲಿ ಒಂದರ ಹಿಂದೆ ಒಂದು ಹಾಡಬೇಕು, ನಡುವೆ ಚಪ್ಪಾಳೆ ತಟ್ಟಬಾರದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಾರದು.

ಹಾಡಲು ಅವರು ಹುಡುಕಿಕೊಂಡದ್ದು ನಮ್ಮ ಈಚೆಕೇರಿಯ ಲಾಲಿನ್ ಬಾಯಿಯನ್ನು. ಇಗರ್ಜಿಯಲ್ಲಿ ಲಾಲಿನ್ ಬಾಯಿ ಹಾಡಿದರೆ ಹೊರಗೆ ಮೀನು ಮಾರುವವರು ಕೂಡ ಸುಮ್ಮನಾಗುತ್ತಿದ್ದರು. ಮಾಸ್ತರರನ್ನೇ ಮದುವೆಯಾಗಿ ಆಚೆಗೆ ಹೋದರು, ಫ್ರೆಂಚ್ ಮಾತು ಬಾಯಿಗೆ ಹೊಂದಿಸಿಕೊಂಡರು, ಆರೂ ಹಾಡು ಕಲಿತರು. ಊರಿನವರಿಗೆ ಮೊದಮೊದಲು ಅದು ಹಾಡು ಎಂದೇ ಅನಿಸಲಿಲ್ಲ. ಪಲ್ಲವಿ ಇಲ್ಲ, ತಿರುಗಿ ಬರುವ ಸಾಲಿಲ್ಲ, ತಲೆ ಆಡಿಸಲು ತಾಳವಿಲ್ಲ, ಶುರುವಾಯಿತು ಎನ್ನುವಾಗ ಮುಗಿದಿರುತ್ತದೆ. ಒಮ್ಮೆ ನಾನು ಅರ್ಥ ಕೇಳಿದೆ. ಮೊದಲನೆಯದು ಮಳೆ ಬಂದು ನಿಂತ ಬೀದಿಯಲ್ಲಿ ಯಾರದೆಂದು ತಿಳಿಯದ ಒಂದು ಕುದುರೆ ನಿಂತಿದೆ ಎಂದು. ಎರಡನೆಯದು ಒಬ್ಬಳು ಬೇರೆ ಏನನ್ನೋ ಯೋಚಿಸುತ್ತ ಒಂದೇ ಬಟ್ಟಲನ್ನು ತೊಳೆಯುತ್ತಲೇ ಇದ್ದಾಳೆ ಎಂದು. ಮೂರನೆಯದರಲ್ಲಿ ಗಂಡ ಹೆಂಡತಿ ಜಗಳವಾಡಿದ್ದಾರೆ, ಜಗಳದ ಮಾತೇ ಇಲ್ಲ, ಬಾಗಿಲಲ್ಲಿ ಬಿಟ್ಟ ಎರಡು ಜೊತೆ ಚಪ್ಪಲಿ ಮಾತ್ರ ಇದೆ. ಹೀಗೆ ಹೋಗಿ ಆರನೆಯದರಲ್ಲಿ ಇಬ್ಬರು ಒಂದು ಮೇಜಿನ ಎರಡು ಕಡೆ ಕೂತಿದ್ದಾರೆ, ಕತ್ತಲಾಗುತ್ತಿದೆ, ದೀಪ ಹಚ್ಚಲು ಇಬ್ಬರೂ ಏಳುವುದಿಲ್ಲ. ಅಷ್ಟೇ. "ಇದರಲ್ಲಿ ದೇವರ ಹೆಸರಾದರೂ ಎಲ್ಲಿ ಬರ್ತದೆ ಬಾಯಿ?" ಎಂದೆ. "ಬರುದಿಲ್ಲ ಹೊನ್ನಿ. ಬಟ್ಟಲು ಬರ್ತದೆ" ಎಂದರು.

ಮಾಸ್ತರರು ಕೆಟ್ಟವರಲ್ಲ. ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಆದರೆ ಪಿಯಾನೊದ ಎದುರು ಕೂತರೆ ಬೇರೆ ಮನುಷ್ಯ. ಅವರು ಬಾರಿಸಿಕೊಂಡು ಹೋದ ಹಾಗೆ ಲಾಲಿನ್ ಬಾಯಿ ಹಿಂದಿನಿಂದ ಹೋಗಬೇಕು. ಒಮ್ಮೆ ಅವರ ಮಾಳಿಗೆಯಲ್ಲಿ ನೆಂಟರೆಲ್ಲ ಸೇರಿದ್ದಾಗ ಮೂರನೆಯ ಹಾಡಿನ ನಡುವೆ ಪಿಯಾನೊ ನಿಲ್ಲಿಸಿಬಿಟ್ಟರು. ಇದು ಉಸಿರು ತೆಗೆಯುವ ಜಾಗವಲ್ಲ, ಮೊದಲಿಂದ ಬಾ ಎಂದರು, ಎಲ್ಲರಿಗೂ ಕೇಳುವ ಹಾಗೆ. ಲಾಲಿನ್ ಬಾಯಿ ಮೊದಲಿಂದ ಹಾಡಿದರು. ಅದೇ ಜಾಗದಲ್ಲಿ ಉಸಿರು ಬೇಕಾಯಿತು, ತೆಗೆದರು. ಮಾಸ್ತರರು ಮತ್ತೆ ನಿಲ್ಲಿಸಿದರು. ಇನ್ನೊಮ್ಮೆ ಇವರು ಉಸಿರು ಕಟ್ಟಿಕೊಂಡು ಮುಖ ಕೆಂಪಾಗಿ ಹಾಡಿ ಮುಗಿಸಿದರಂತೆ. ಮರುದಿನ ಬೆಳಿಗ್ಗೆ ಅಬ್ಬುವಿನ ದೋಣಿಯಲ್ಲಿ ಒಂದು ಪೆಟ್ಟಿಗೆಯ ಸಮೇತ ಈಚೆಗೆ ಬಂದು, ತಾಯಿಯ ಮನೆಯ ಬೀಗ ತೆಗೆದರು. ನನ್ನ ಮನೆ ಪಕ್ಕದ್ದೇ. ಏನಾಯಿತು ಎಂದು ಕೇಳಿದ್ದಕ್ಕೆ, "ನನ್ನ ಉಸಿರು ನನಗೆ ಬೇಕು ಹೊನ್ನಿ" ಎಂದರು. ಆಮೇಲೆ ಯಾರು ಕೇಳಿದರೂ ಅದನ್ನೂ ಹೇಳಲಿಲ್ಲ.

ಒಂದು ಮಳೆಗಾಲ ಕಳೆಯಿತು. ಒಂದು ಭಾನುವಾರ ಸಂಜೆ ನಾವಿಬ್ಬರು ಮೆಟ್ಟಿಲ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದೆವು. ನೀರಿನ ಮೇಲಿಂದ ಪಿಯಾನೊ ಬಂತು. ನಿನ್ನೆ ಸಂಜೆ, ಶನಿವಾರ, ಮಾಸ್ತರರು ಮಾಳಿಗೆಯ ಕಿಟಕಿಗಳನ್ನೆಲ್ಲ ತೆರೆದು ಆರೂ ಹಾಡಿನ ಪಿಯಾನೊ ಬಾರಿಸಿದ್ದರು, ಹಾಡುವವರಿಲ್ಲದೆ. ಲಾಲಿನ್ ಬಾಯಿ ಸಿಗಡಿ ಕೈಯಲ್ಲೇ ಹಿಡಿದು ಕೊನೆಯ ತನಕ ಕೇಳಿದರು. ಮುಂದಿನ ಭಾನುವಾರವೂ ಬಂತು, ಅದರ ಮುಂದಿನ ವಾರವೂ. ಆ ಮೂರನೆಯ ಭಾನುವಾರ ಅವರು ಸೀರೆ ಬದಲಿಸಿ ಬಂದು ಕೆಳಗಿನ ಮೆಟ್ಟಿಲಲ್ಲಿ ನಿಂತು ಪಿಯಾನೊದ ಜೊತೆ ಹಾಡಿದರು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಶನಿವಾರ ಅವರು ಬಾರಿಸುವುದು, ಭಾನುವಾರ ಇವರು ಹಾಡುವುದು, ಸೋಮವಾರ ಇವರ ದನಿ ಆಚೆಗೆ ಮುಟ್ಟುವುದು. ಎರಡೂ ಒಟ್ಟಿಗೆ ಕೇಳುತ್ತಿದ್ದುದು ಈಚೆ ದಡದ ನಮಗೆ ಮಾತ್ರ. ಆಚೆಗೆ ಒಂದು ದಿನ ಪಿಯಾನೊ, ಒಂದು ದಿನ ಬರೀ ದನಿ. ಸೋಮವಾರ ಸಂಜೆ ಮಾಸ್ತರರು ಮಾಳಿಗೆಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ಎದುರಿನ ಮರದ ಕಟಾಂಜನದ ಮೇಲೆ ಎರಡೂ ಕೈ ಇಟ್ಟುಕೊಂಡಿರುತ್ತಾರೆ ಎಂದು ಅಬ್ಬು ಹೇಳುತ್ತಿದ್ದ.

ಮೊದಲು ಮೊದಲು ಅವರು ತಮ್ಮ ಹಳೆಯ ಚಾಳಿಯಂತೆಯೇ ಬಾರಿಸುತ್ತಿದ್ದರು. ಇವರಿಗೆ ಉಸಿರು ಸಾಲದೆ ಕೆಲವು ಕಡೆ ಮಾತು ಬಿಟ್ಟುಹೋಗುತ್ತಿತ್ತು. ಸೋಮವಾರ ಅದನ್ನು ಅವರು ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ಮುಂದಿನ ವಾರ ಆ ಜಾಗಕ್ಕೆ ಬಂದಾಗ ಪಿಯಾನೊ ಒಂದು ಚೂರು ನಿಂತಿತು. ನಿಂತು, ಇವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಾದು, ಮುಂದೆ ಹೋಯಿತು. ಎದುರಿಗೆ ಆಳಿಲ್ಲ, ದನಿ ಇಲ್ಲ, ಒಂದು ದಿನ ಮೊದಲೇ ಕೂತು ಆ ಮನುಷ್ಯ ಇವರ ಉಸಿರಿಗೆ ಜಾಗ ಬಿಡುತ್ತಿದ್ದರು. ವರ್ಷ ಹೋದ ಹಾಗೆ ಲಾಲಿನ್ ಬಾಯಿಗೆ ಪ್ರಾಯವಾಯಿತು, ಕಫ ಕಟ್ಟುತ್ತಿತ್ತು, ಉಸಿರು ಗಿಡ್ಡವಾಯಿತು. ಜಾಗಗಳು ಹೆಚ್ಚಾದವು, ಉದ್ದವಾದವು. ಎಲ್ಲಕ್ಕಿಂತ ಉದ್ದದ್ದು ಮೂರನೆಯ ಹಾಡಿನಲ್ಲಿ, ಹಿಂದೆ ನಿಲ್ಲಿಸಿದ ಆ ಜಾಗದಲ್ಲಿ. ಓದು ಬರಹ ಅಷ್ಟಕ್ಕಷ್ಟೇ ಆದ ನನಗೂ ಕೇಳಿ ಕೇಳಿ ಅದು ತಿಳಿಯುತ್ತಿತ್ತು.

ಒಮ್ಮೆ ಅಬ್ಬು, "ಏನಾದರೂ ಹೇಳುದಿದ್ದರೆ ಹೇಳಿ ಬಾಯಿ, ನಾನು ಮುಟ್ಟಿಸ್ತೇನೆ, ಪೈಸೆ ಬೇಡ" ಎಂದ. ಲಾಲಿನ್ ಬಾಯಿ ನಕ್ಕರು. "ವಾರಕ್ಕೊಮ್ಮೆ ಎಲ್ಲ ಹೇಳಿ ಆಗ್ತದಲ್ಲ ಅಬ್ಬು" ಎಂದರು.

ಇದು ಯಾರಿಗೆ ಇಷ್ಟವಿದ್ದರೂ ಕಾರ್ಮಿನ್ ಬಾಯಿಗಂತೂ ಇರಲಿಲ್ಲ. ಕಾರ್ಮಿನ್ ಬಾಯಿ ಮಾಸ್ತರರ ತಂಗಿ, ಈಚೆಕೇರಿಗೆ ಮದುವೆಯಾಗಿ ಬಂದು ವಿಧವೆಯಾದವರು, ನಮ್ಮಿಂದ ಮೂರು ಮನೆ ಆಚೆ. ತಾಯಿ ಇಲ್ಲದ ಅವರನ್ನು ಅಣ್ಣನೇ ಎತ್ತಿ ಆಡಿಸಿ ಬೆಳೆಸಿದ್ದು. ಗಂಡನನ್ನು ಒಂಟಿ ಮಾಡಿ ಬಂದವಳು ಭಾನುವಾರ ಭಾನುವಾರ ಮೆಟ್ಟಿಲಲ್ಲಿ ನಿಂತು ಮೆರೆಯುತ್ತಾಳೆ ಎಂದು ಅವರು ಕೇರಿಯಿಡೀ ಹೇಳಿಕೊಂಡು ಬರುತ್ತಿದ್ದರು. ಎದುರು ಸಿಕ್ಕರೆ ಲಾಲಿನ್ ಬಾಯಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಹಾಡುವವಳು" ಎನ್ನುತ್ತಿದ್ದರು.

ಚಳಿ ಶುರುವಾದ ಒಂದು ಭಾನುವಾರ ಬೆಳಿಗ್ಗೆ ಅಬ್ಬು ದೋಣಿ ಕಟ್ಟಿದವನೇ ನೇರ ಕಾರ್ಮಿನ್ ಬಾಯಿಯ ಮನೆಗೆ ಹೋದ, ಅಲ್ಲಿಂದ ಲಾಲಿನ್ ಬಾಯಿಯ ಮನೆಗೆ ಬಂದ. ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದಿದ್ದ. ಅದನ್ನು ನೋಡಿಯೇ ನಮಗೆ ತಿಳಿಯಿತು. ಮಾಸ್ತರರು ನಿನ್ನೆ ಸಂಜೆ ಎಂದಿನ ಹಾಗೆ ಆರೂ ಹಾಡು ಬಾರಿಸಿದ್ದಾರೆ, ಗಂಜಿ ಉಂಡು ಮಲಗಿದ್ದಾರೆ, ಬೆಳಿಗ್ಗೆ ಹಾಲಿನವಳು ಕರೆದರೆ ಏಳಲಿಲ್ಲ. ಆಚೆಯವರು ಐಸು ಹಾಕಿ ಮಲಗಿಸಿದ್ದಾರೆ, ನಾಳೆ ಸಂಜೆ ಮಣ್ಣು.

ಐಸಿನ ಶೆಡ್ಡು ನಿಂತಿತು. ನಾಯಿಗಳನ್ನು ಗದ್ದೆಯ ಕಡೆ ಒಯ್ದರು. ಈಚೆಕೇರಿಯಲ್ಲಿ ಕೇಳುವ ದಿನ ಶುರುವಾಯಿತು.

ಲಾಲಿನ್ ಬಾಯಿ ಅಳಲಿಲ್ಲ. ಒಳಗೆ ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆದುಕೊಂಡರು. ಹಾಡುವ ದಿನ ಅವರು ಯಾವಾಗಲೂ ಮಾಡುತ್ತಿದ್ದುದು ಅದೇ. ಕೇಳುವ ದಿನ ಒಂದು ಲೋಟ ಕೆಳಗೆ ಬಿದ್ದರೆ ತಪ್ಪು. ಇವರು ಸತ್ತವರ ಕೊನೆಯ ಸದ್ದಿನ ಮೇಲೆ ಹಾಡಲು ಹೊರಟಿದ್ದಾರೆ.

ಮಧ್ಯಾಹ್ನ ಕಾರ್ಮಿನ್ ಬಾಯಿ ಹಿಂದಿನ ಬಾಗಿಲಿಂದ ಬಂದರು. ಜೊತೆಗೆ ಕೇರಿಯ ಇಬ್ಬರು ಹಿರಿಯರು. ಎಲ್ಲರೂ ಅಡಿಗೆಮನೆಯ ಒಳಗೆ ನಿಂತೆವು, ನೀರಿನಿಂದ ದೂರ. ಯಾರೂ ದನಿ ಎತ್ತಲಿಲ್ಲ. ಅಂಥ ಜಗಳವನ್ನು ನಾನು ಮತ್ತೆ ನೋಡಿದ್ದಿಲ್ಲ, ಎಲ್ಲ ಪಿಸುದನಿಯಲ್ಲೇ.

"ಇವತ್ತು ನೀನು ಬಾಯಿ ತೆರೆಯುದಿಲ್ಲ ತಾನೆ?" ಎಂದರು ಕಾರ್ಮಿನ್ ಬಾಯಿ.

"ಅವರು ಬಾರಿಸಿದ್ದು ನಾನು ಹಾಡುದಕ್ಕೆ ಅಲ್ವಾ" ಎಂದರು ಲಾಲಿನ್ ಬಾಯಿ. "ಸುಮ್ಮನೆ ಕೇಳುದಕ್ಕೆ ಬಾರಿಸಿದ್ದಲ್ಲ."

"ನನ್ನನ್ನು ಸಾಕಿದವ ಅವ. ಅವನದ್ದು ಒಂದು ಕೆಮ್ಮು ಬಂದರೂ ನನಗೆ ಬೇಕು. ಕುರ್ಚಿ ಎಳೆದ ಸದ್ದು ಬೇಕು. ನಾಳೆಯಿಂದ ಅದೂ ಇಲ್ಲ. ನೀನು ಬಿಟ್ಟು ಬಂದದ್ದು ಸಾಲ್ದಾ, ಈಗ ಅವನ ಮೇಲೆ ಬೊಬ್ಬೆ ಹಾಕಬೇಕಾ?"

ಹಿರಿಯರಲ್ಲಿ ಒಬ್ಬರು ಬಾವಿಗೆ ಬಿದ್ದ ಕೊಡದ ಕಥೆಯನ್ನು ನೆನಪಿಸಿದರು. ನಮ್ಮ ಊರಿನಲ್ಲಿ ನ್ಯಾಯ ಕಾರ್ಮಿನ್ ಬಾಯಿಯ ಕಡೆಗೇ ಇತ್ತು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಲಾಲಿನ್ ಬಾಯಿ ಅಂದದ್ದು ಇಷ್ಟೇ, ಹಾಡದಿದ್ದರೆ ಮಾಸ್ತರರು ಇಷ್ಟು ವರ್ಷ ಕಲಿತದ್ದು ಸುಮ್ಮನೆ ಹೋಗುತ್ತದೆ ಎಂದು. ಯಾರಿಗೂ ಅದು ಅರ್ಥವಾಗಲಿಲ್ಲ. ಆಮೇಲೆ, "ಆಯ್ತು. ತಂಗಿಯ ಹಕ್ಕು ದೊಡ್ಡದು. ಸುಮ್ಮನೆ ನಿಲ್ತೇನೆ" ಎಂದರು.

ಸಂಜೆ ಕೇರಿಗೆ ಕೇರಿಯೇ ಮೆಟ್ಟಿಲಿಗೆ ಬಂತು. ಮಕ್ಕಳನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದರು. ಕಾರ್ಮಿನ್ ಬಾಯಿ ನೀರಿಗೆ ಹತ್ತಿರ ಒಂದು ಮಣೆ ಹಾಕಿ ಕೂತರು. ಲಾಲಿನ್ ಬಾಯಿ ತಮ್ಮ ಎಂದಿನ ಜಾಗದಲ್ಲಿ, ಕಾರ್ಮಿನ್ ಬಾಯಿಯ ಬೆನ್ನ ಹಿಂದೆ, ಕೈ ಕಟ್ಟಿ ನಿಂತರು. ನಾನು ಅವರ ಬದಿಗೆ.

ಮೊದಲು ಒಂದು ಕೆಮ್ಮು ಬಂತು. ಕಾರ್ಮಿನ್ ಬಾಯಿಯ ಬೆನ್ನು ಅಲ್ಲಾಡಿತು. ಆಮೇಲೆ ಕುರ್ಚಿ ಎಳೆದ ಸದ್ದು, ಕಿಟಕಿಯ ಚಿಲಕ. ಆಮೇಲೆ ಪಿಯಾನೊ.

ಅಷ್ಟು ವರ್ಷ ಕೇಳಿದವರು ನಾವು, ಆದರೆ ದನಿಯ ಜೊತೆ ಕೇಳಿ ಅಭ್ಯಾಸ. ಬರೀ ಪಿಯಾನೊವನ್ನು ಆವತ್ತು ಕೇಳಿದ್ದು. ಕುದುರೆಯ ಹಾಡು ಸ್ವಲ್ಪ ದೂರ ಬಂತು, ನಿಂತಿತು. ಬಾಗಿಲನ್ನು ತೆರೆದು ಹಿಡಿದು ಒಳಗೆ ಬರುವವರಿಗೆ ಕಾಯುತ್ತಾರಲ್ಲ, ಹಾಗೆ ನಿಂತಿತು. ಯಾರೂ ಬರಲಿಲ್ಲ. ಮುಂದೆ ಹೋಯಿತು. ಇನ್ನೊಂದು ಕಡೆ ಮತ್ತೆ ನಿಂತಿತು. ನನಗೆ ಪಕ್ಕದಲ್ಲಿ ಏನೋ ಅಲುಗಿದ ಹಾಗಾಗಿ ತಿರುಗಿ ನೋಡಿದರೆ, ಲಾಲಿನ್ ಬಾಯಿ ತುಟಿ ಮುಚ್ಚಿಕೊಂಡೇ ಇದ್ದಾರೆ, ಆದರೆ ಪಿಯಾನೊ ನಿಂತಲ್ಲೆಲ್ಲ ಅವರ ಹೆಗಲು ಮೇಲಕ್ಕೆ ಏಳುತ್ತದೆ, ಎದೆ ತುಂಬುತ್ತದೆ. ಹಾಡದಿದ್ದರೂ ಅವರು ಉಸಿರನ್ನು ಮಾಸ್ತರರು ಬಿಟ್ಟ ಜಾಗದಲ್ಲೇ ತೆಗೆದುಕೊಳ್ಳುತ್ತಿದ್ದರು.

ಬಟ್ಟಲಿನ ಹಾಡೂ ಹಾಗೆಯೇ ಹೋಯಿತು. ಜನ ಒಬ್ಬರನ್ನೊಬ್ಬರು ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಗಂಡಸರು ಸೆರಗು ಸಿಗದವರ ಹಾಗೆ ಲುಂಗಿಯ ಅಂಚಿನಿಂದ ಮುಖ ಒರೆಸಿಕೊಂಡರು. ಕಾರ್ಮಿನ್ ಬಾಯಿ ಒಂದು ಸಲ ಹಿಂದೆ ತಿರುಗಿದರು. ಲಾಲಿನ್ ಬಾಯಿಯ ಹೆಗಲು ಏಳುವುದನ್ನು ನೋಡಿದರು, ಮತ್ತೆ ನೀರಿನ ಕಡೆ ತಿರುಗಿದರು.

ಮೂರನೆಯದು ಶುರುವಾಯಿತು. ಆ ಜಾಗ ಬಂತು. ಪಿಯಾನೊ ನಿಂತಿತು. ಯಾವತ್ತೂ ಅಷ್ಟು ಉದ್ದ ನಿಂತಿರಲಿಲ್ಲ, ಅಥವಾ ನಮಗೆ ಹಾಗೆ ತೋರಿತೋ ಏನೋ. ಹೊಳೆಯ ನೀರು ಕಲ್ಲಿಗೆ ತಾಗುವುದು ಕೇಳುತ್ತಿತ್ತು. ಆ ಹೊತ್ತಿನಲ್ಲಿ ಕೇರಿಯ ಬಾಯಿ ಕಟ್ಟಿದ ಕಾರ್ಮಿನ್ ಬಾಯಿಯೇ ಮಾತಾಡಿದರು. ಪಿಸುದನಿಯಲ್ಲ, ಸಾದಾ ದನಿಯಲ್ಲಿ, ಹಿಂದೆ ತಿರುಗದೆ.

"ಅವ ಕಾಯ್ತಾ ಇದ್ದಾನೆ. ಹಾಡು ಲಾಲಿನ್."

ಪಿಯಾನೊ ಮುಂದಕ್ಕೆ ಹೆಜ್ಜೆ ಇಡುವುದಕ್ಕೂ ಲಾಲಿನ್ ಬಾಯಿ ದನಿ ಎತ್ತುವುದಕ್ಕೂ ಸರಿಹೋಯಿತು. ಅವರ ದನಿ ಮೊದಲು ಒಡೆದಿತ್ತು. ನಾಲ್ಕನೆಯದಕ್ಕೆ ಬರುವಾಗ ಸರಿಯಾಯಿತು. ಅಲ್ಲಿಂದ ಆರನೆಯದು ಮುಗಿಯುವ ತನಕ ಒಂದೇ ಒಂದು ಕಡೆ ಅವರು ಮುಂದೆ ಹೋಗಲಿಲ್ಲ, ಪಿಯಾನೊ ಹಿಂದೆ ಉಳಿಯಲಿಲ್ಲ. ನಾನು ಅದನ್ನು ಚೆನ್ನಾಗಿತ್ತು ಎಂದು ಹೇಳಲಾರೆ. ಚೆನ್ನ ಎನ್ನುವುದು ಬೇರೆ.

ಹಾಡು ಮುಗಿದ ಮೇಲೆ ಪಿಯಾನೊದ ಮುಚ್ಚಳ ಮುಚ್ಚಿದ್ದು ಕೇಳಿತು. ಆಮೇಲೆ ಹಲಗೆಯ ನೆಲದ ಮೇಲೆ ಮಾಸ್ತರರ ಹೆಜ್ಜೆ, ಒಳಗೆ ಒಳಗೆ ಹೋಗಿ ಇಲ್ಲವಾಯಿತು. ಕಾರ್ಮಿನ್ ಬಾಯಿ ಆ ಹೆಜ್ಜೆ ಹೋದ ಮೇಲೂ ಕೂತೇ ಇದ್ದರು. ಎದ್ದಾಗ ಲಾಲಿನ್ ಬಾಯಿಯ ತೋಳು ಹಿಡಿದು ಎದ್ದರು.

ಮರುದಿನ ಮಧ್ಯಾಹ್ನ ಅಬ್ಬುವಿನ ದೋಣಿಯಲ್ಲಿ ನಾವೆಲ್ಲ ಹೊರಟೆವು. ಪೆಟ್ಟಿಗೆ ಹಿಡಿದು ಬಂದ ಮೇಲೆ ಲಾಲಿನ್ ಬಾಯಿ ಆಚೆಗೆ ಕಾಲಿಟ್ಟಿರಲಿಲ್ಲ. ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ದಾಟಿದೆವು.

ಆಚೆಕೇರಿಯ ಗೋರಿಗಳ ಜಾಗ ನೀರಿನ ಪಕ್ಕದಲ್ಲೇ. ಶವದ ಪೆಟ್ಟಿಗೆಯನ್ನು ಗುಂಡಿಯ ಹತ್ತಿರ ಇಟ್ಟಿದ್ದರು, ಅಡಿಯಿಂದ ಐಸಿನ ನೀರು ಹನಿಯುತ್ತಿತ್ತು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಎಲ್ಲರೊಂದಿಗೆ ಹೊಳೆಯ ಕಡೆ ಮುಖ ಮಾಡಿ ನಿಂತರು. ದಿನವೂ ಸೋಮವಾರವೇ. ಆಚೆಯವರಿಗೆ ಆ ಹೊತ್ತಿಗೆ ಲಾಲಿನ್ ಬಾಯಿಯ ದನಿ ಕೇಳಿ ರೂಢಿ. ಹೊತ್ತಾಯಿತು. ದನಿ ಬರಲಿಲ್ಲ. ಯಾರದೋ ಮಗು ಸಣ್ಣಗೆ ಗೊಣಗಿದ್ದು ಬಂತು, ನೀರಿನ ಸದ್ದು ಬಂತು, ಹಾಡಿಲ್ಲ. ಪಿಯಾನೊ ಅವರಿಗೆ ಕೇಳುವಂತಿಲ್ಲವಲ್ಲ, ನಾವು ಆ ಎರಡು ಹಾಡಿನಷ್ಟು ಹೊತ್ತು ಬಾಯಿ ಮುಚ್ಚಿ ಕೂತಿದ್ದು ಅವರಿಗೇನು ಗೊತ್ತು. ಕೇಳುವ ದಿನದ ಮರ್ಯಾದೆಗೆ ಹಾಡಿಲ್ಲ ಎಂದುಕೊಂಡರು. ಪಾದ್ರಿಗಳು ಕಣ್ಣಿನಲ್ಲೇ ಸನ್ನೆ ಮಾಡಿದರು, ನಾಲ್ವರು ಹಗ್ಗ ಹಿಡಿದರು.

"ನಿಲ್ಲಿ ಪಾದ್ರಿಗಳೇ" ಎಂದರು ಕಾರ್ಮಿನ್ ಬಾಯಿ. "ಬರ್ತದೆ. ತಡ ಆದದ್ದು ನನ್ನಿಂದ."

ಹಗ್ಗ ಹಿಡಿದವರು ಹಾಗೆಯೇ ನಿಂತರು. ಲಾಲಿನ್ ಬಾಯಿ ಯಾರ ಕಡೆಯೂ ನೋಡದೆ ಪೆಟ್ಟಿಗೆಯ ತಲೆಯ ಬದಿಗೆ ಹೋಗಿ ನಿಂತುಕೊಂಡರು. ಸ್ವಲ್ಪ ಹೊತ್ತಿಗೆ ನೀರಿನ ಮೇಲಿಂದ ಕಾರ್ಮಿನ್ ಬಾಯಿಯ ದನಿಯೇ ಬಂತು. ಅವ ಕಾಯ್ತಾ ಇದ್ದಾನೆ, ಹಾಡು ಲಾಲಿನ್. ಅಣ್ಣನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ತಮ್ಮ ಮಾತನ್ನು ತಾವೇ ಕೇಳಿ ಕಾರ್ಮಿನ್ ಬಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅದರ ಬೆನ್ನಿಗೆ ಹಾಡು ಬಂತು.

ಲಾಲಿನ್ ಬಾಯಿ ತಮ್ಮ ದನಿಯನ್ನು ಹಾಗೆ ಕೇಳಿದ್ದು ಅದೇ ಮೊದಲು. ಒಂದು ಮಾತು ಬರುತ್ತದೆ, ಆಮೇಲೆ ಏನೂ ಇಲ್ಲ, ಆಮೇಲೆ ಇನ್ನೊಂದು ಮಾತು. ಅಷ್ಟು ವರ್ಷ ಮಾಸ್ತರರಿಗೆ ಸೋಮವಾರ ಸಿಗುತ್ತಿದ್ದುದು ಇಷ್ಟೇ. ಲಾಲಿನ್ ಬಾಯಿ ತಲೆ ತಗ್ಗಿಸಿ ಕೇಳಿದರು, ತಪ್ಪು ಮಾಡಿದ ಮಗು ಹಿರಿಯರ ಮಾತು ಕೇಳುವ ಹಾಗಲ್ಲ, ದಾರಿ ಹೇಳುವವರ ಮಾತು ಕೇಳುವ ಹಾಗೆ. ನಾನು ಇಗರ್ಜಿಯ ಗೋಡೆಯ ಹತ್ತಿರ, ಗಂಟೆಯ ಬುಡದಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಆಚೆಕೇರಿಯ ಒಬ್ಬ ಮುದುಕರು ನನ್ನ ಕಡೆ ಬಾಗಿ, "ನಾವು ಇದನ್ನು ಒಟ್ಟಿಗೆ ಕೇಳಿದ್ದೇ ಇಲ್ಲ ಮಾರಾಯ್ತಿ. ಒಟ್ಟಿಗೆ ಹೇಗುಂಟು?" ಎಂದು ಕೇಳಿದರು.

ಆರನೆಯದು ಮುಗಿದ ಮೇಲೆ ಪೆಟ್ಟಿಗೆ ಇಳಿಸಿದರು. ಗಂಟೆ ಹೊಡೆಯತೊಡಗಿತು. ಮೊದಲ ಹಿಡಿ ಮಣ್ಣು ಕಾರ್ಮಿನ್ ಬಾಯಿ ಹಾಕಿದರು, ಎರಡನೆಯದು ಲಾಲಿನ್ ಬಾಯಿ. ಹಾಕುವಾಗ ಅವರು ಗುಂಡಿಯ ಕಡೆ ಬಾಗಿ ಏನೋ ಹೇಳಿದ್ದು ಕಂಡಿತು, ತುಟಿ ಆಡಿತು, ಗಂಟೆಯ ಕೆಳಗೆ ನಿಂತ ನನಗೆ ಕೇಳಲಿಲ್ಲ. ಕೇಳುವುದು ಸರಿಯಲ್ಲ ಎಂದು ಆಮೇಲೂ ಕೇಳಲಿಲ್ಲ. ಲಾಲಿನ್ ಬಾಯಿ ಅಲ್ಲಿಯೇ, ಪಿಯಾನೊ ಇರುವ ಮನೆಯಲ್ಲಿ ಉಳಿದರು. ನಾನು ಅಬ್ಬುವಿನ ಕೊನೆಯ ದೋಣಿಯಲ್ಲಿ ಹಿಂದೆ ಬಂದೆ.

ಮಂಗಳವಾರ ಸಂಜೆ ನಾನು ಮೆಟ್ಟಿಲ ಮೇಲೆ ಬಲೆ ಹಿಡಿದು ಕೂತಿದ್ದೆ. ನಿನ್ನೆಯದೆಲ್ಲ ಬರತೊಡಗಿತು, ಪಾದ್ರಿಗಳ ಪ್ರಾರ್ಥನೆ, ಹಗ್ಗ ಜಾರಿದ ಸದ್ದು, ಗಂಟೆ, ಮಣ್ಣು ಹಲಗೆಯ ಮೇಲೆ ಬಿದ್ದದ್ದು. ಆಮೇಲೆ ಗಂಟೆಯ ಪಕ್ಕದಿಂದ ಬಿಡಿಸಿ ತೆಗೆದ ಹಾಗೆ ಲಾಲಿನ್ ಬಾಯಿಯ ಮಾತು, ನನ್ನ ಮಗ್ಗುಲಲ್ಲೇ ಆಡಿದಷ್ಟು ಸ್ಪಷ್ಟ.

"ಬರುವ ಶನಿವಾರ ನಾನು ಮೊದಲು ಹಾಡ್ತೇನೆ. ನೀವು ನಿಧಾನಕ್ಕೆ ಬನ್ನಿ."

ಅವರು ಹಾಡಿದರು. ಭಾನುವಾರ ಅದೇ ಹೊತ್ತಿಗೆ ನಮಗೆ ಬಂತು, ಕುದುರೆಯಿಂದ ಹಿಡಿದು ದೀಪ ಹಚ್ಚದ ಮೇಜಿನ ತನಕ, ಆಚೆ ಮಾಳಿಗೆಯ ಕಿಟಕಿಯಿಂದ. ನಡುನಡುವೆ ಅವರು ನಿಲ್ಲಿಸುತ್ತಿದ್ದರು. ಅದು ಉಸಿರಿಗೆ ಬೇಕಾದದ್ದಕ್ಕಿಂತ ಉದ್ದವಿತ್ತು. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲಿದ್ದ ನಾವೂ ಪಿಯಾನೊಗೆ ಕಾದೆವು.